ಸಾಗವಾನಿ ಬಣ್ಣದ ಬೆಲ್ಲ

"ಡಬ್ಬಿ ಖಾಲಿ ಐತಿ," ಎಂದಳು ಕಳಕವ್ವ.

"ಅಲ್ಲಾಡ್ಸಿ ನೋಡು," ಎಂದ ಅವಳ ಗೆಳೆಯ ಅನೀಸ.

ಕಳಕವ್ವ ಅಲ್ಲಾಡಿಸಿದಳು. ಖಾಲಿ ಡಬ್ಬಿಯನ್ನು ಎಷ್ಟು ಅಲ್ಲಾಡಿಸಿದರೂ ಅದು ಖಾಲಿಯೇ. ತಲೆಕೆಳಗು ಮಾಡಿ ಬಡಿದಳು. ಒಂದು ಸಣ್ಣ ಜೇಡ ಬಿತ್ತು. ಅದು ಇಬ್ಬರನ್ನೂ ಒಂದು ಸಲ ನೋಡಿ, ಇಲ್ಲಿ ನಿಂತು ಉಪಯೋಗವಿಲ್ಲ ಎಂಬಂತೆ ಬೆಂಚಿನ ಕೆಳಗೆ ಹೊರಟುಹೋಯಿತು.

ಬೆಂಚಿನ ಮೇಲೆ ದೇವರ ಮಂಟಪ ಕೂತಿತ್ತು. ಸಾಗವಾನಿ ಕಟ್ಟಿಗೆಯದು. ನಾಲ್ಕು ಕಂಬ, ಮೇಲೊಂದು ಕಮಾನು, ಕೆಳಗೆ ಪೀಠ. ನೋಡಲು ಚಂದವೇ. ಆದರೆ ಕಂಬ ಪೀಠಕ್ಕೆ ಕೂಡುವಲ್ಲಿ, ಕಮಾನು ಕಂಬಕ್ಕೆ ಕೂಡುವಲ್ಲಿ ಸಣ್ಣ ಸಣ್ಣ ತೂತುಗಳು. ಒಳಗೆ ಸ್ಕ್ರೂ ಇಳಿದಿತ್ತು, ಮೇಲೆ ತೂತು ಉಳಿದಿತ್ತು. ಸಿಡುಬು ಎದ್ದ ಮುಖದಂತೆ ಕಾಣುತ್ತಿತ್ತು ಮಂಟಪ.

ಆ ತೂತುಗಳನ್ನು ಮುಚ್ಚುವುದೇ ಕಳಕವ್ವನ ಕೆಲಸ. ಅವಳ ಜೀವನದ ಮೊಟ್ಟಮೊದಲ ಖರೆ ಕೆಲಸ.

ಕಳಕವ್ವ ಐದನೇ ಕ್ಲಾಸು. ಅಜ್ಜಿಯ ಹೆಸರು ಅವಳಿಗೆ ಬಂದಿತ್ತು. ಕ್ಲಾಸಿನಲ್ಲಿ ಮೂವರು ಸ್ನೇಹಾ ಇದ್ದರು. ಟೀಚರ್ "ಸ್ನೇಹಾ, ಮಗ್ಗಿ ಹೇಳು" ಎಂದರೆ ಮೂವರೂ ತಲೆ ಬಗ್ಗಿಸಿ ಬಚಾವಾಗುತ್ತಿದ್ದರು. "ಕಳಕವ್ವ" ಎಂದರೆ ಮಾತ್ರ ಇಡೀ ಬೆಟಗೇರಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ.

ಅವಳ ಅಪ್ಪ ಮೌನೇಶ ಬಡಿಗೇರ. ಮನೆಯ ಮುಂದಿನ ತಗಡಿನ ಶೆಡ್ಡೇ ಅವನ ಅಂಗಡಿ. ಅಲ್ಲಿ ಕಳಕವ್ವನಿಗೆ ಈತನಕ ಸಿಕ್ಕ ಕೆಲಸ ಒಂದೇ: ಕಸ ಹೊಡೆಯುವುದು. "ಅಪ್ಪಾ, ನನಗೂ ಏನರ ಮಾಡಾಕ ಕೊಡು" ಎಂದು ಬೇಸಿಗೆ ರಜೆಯಿಂದ ಬೆನ್ನುಹತ್ತಿದ್ದಳು. ಇವತ್ತು ಶನಿವಾರ. ಶಾಲೆ ಬಿಟ್ಟು ಬಂದಾಗ ಅಪ್ಪ ಪಾಲಿಶ್ ತರಲು ಗದಗಿಗೆ ಹೊರಟು ಗಾಡಿಯ ಮೇಲೆ ಕೂತಿದ್ದ.

"ಯವ್ವಾ, ತೂತು ಮುಚ್ಚೂ ಕೆಲಸ ನಿಂದು," ಎಂದಿದ್ದ. "ಡಬ್ಬ್ಯಾಗ ಸಾಗವಾನಿ ಹೊಟ್ಟು ಐತಿ. ಸಣ್ಣಗ ಸೋಸಿ ಇಟ್ಟೇನಿ. ಫೆವಿಕಾಲ್‌ನಾಗ ಕಲಸು, ತುಂಬು. ಯಾವ ಕಟ್ಟಿಗಿಗೆ ತೂತು ಬಿದ್ದೈತೋ ಅದರದ ಹೊಟ್ಟು ಇರ್ಬೇಕು, ಅಂದ್ರನ ಬಣ್ಣ ಕೂಡತೈತಿ. ಗರಗಸ ಮುಟ್ಟಬ್ಯಾಡ. ಡ್ರಿಲ್ ಮಷಿನ್ ಕಡೆ ನೋಡೂದೂ ಬ್ಯಾಡ."

"ನಾಳೆ ಅಮ್ಮಾರು ಬರ್ತಾರ," ಎಂದೂ ಸೇರಿಸಿದ್ದ.

ಅಮ್ಮಾರು ಎಂದರೆ ಕಸ್ತೂರೆವ್ವ. ಬೆಟಗೇರಿ ಕೈಮಗ್ಗದ ಸೀರೆ ಮಾರುವ ಮನೆತನ. ಅಂಗಡಿಯ ಆ ಕಡೆ ಬಿಚ್ಚಿದ ಸೀರೆಯಲ್ಲಿ ಒಂದು ಎಳೆ ತಪ್ಪಿದ್ದರೆ ಈ ಕಡೆ ಗಾದಿಯ ಮೇಲೆ ಕೂತೇ ಹೇಳುವವರು. ಮಂಟಪ ಮಾಡಲು ಹೇಳಿದ ದಿನವೇ ಅವರು ಕರಾರು ಹಾಕಿದ್ದರು.

"ನಮ್ಮ ತವರಮನಿ ಮಂಟಪಕ್ಕ ಒಂದು ಮೊಳಿ ಸೈತ ಬಡದಿದ್ದಿಲ್ಲಪಾ ಮೌನೇಶ. ಕಟ್ಟಿಗಿಗೆ ಕಟ್ಟಿಗಿ ಕೂಡ್ಸಿದ್ರು."

"ಖರೆ ರೀ ಅಮ್ಮಾರ. ಆದ್ರ ಅವ್ರು ವರ್ಷಗಟ್ಟಲೆ ಮಾಡ್ತಿದ್ರು. ನೀವು ಪಂಚಮಿಗೆ ಬೇಕಂತೀರಿ. ಸ್ಕ್ರೂ ಹಾಕ್ಬೇಕಾಗ್ತೈತ್ರಿ."

"ಹಾಕು. ನನ್ನ ಕಣ್ಣಿಗೆ ಕಾಣಬಾರ್ದು, ದೇವ್ರ ಕಣ್ಣಿಗೂ ಕಾಣಬಾರ್ದು. ಪಾಲಿಶ್ ಹಚ್ಚೂಕಿಂತ ಮೊದ್ಲ ಬಂದು ನೋಡ್ತೀನಿ. ಪಾಲಿಶ್ ಹಚ್ಚಿದ ಮ್ಯಾಲೆ ಎಲ್ಲಾರೂ ಚಂದನ ಕಾಣ್ತಾರ."

ಇದೆಲ್ಲ ಕಳಕವ್ವನಿಗೆ ಈಗ ಒಟ್ಟಿಗೆ ನೆನಪಾಯಿತು. ಅದರ ಹಿಂದೆಯೇ ಇನ್ನೊಂದು ನೆನಪೂ ಬಂತು. ಅದು ಬಾರದಿದ್ದರೇ ಚೆನ್ನಾಗಿತ್ತು.

ನಿನ್ನೆ ಅವಳು ಕಸ ಹೊಡೆಯುವಾಗ ಪಕ್ಕದ ಮನೆಯ ದಾವಲಬಿ, ಅನೀಸನ ಅಜ್ಜಿ, ಚೀಲ ಹಿಡಿದು ಬಂದಿದ್ದಳು. ಪ್ರತಿ ವಾರ ಬರುತ್ತಾಳೆ. ಶೆಡ್ಡಿನ ಹೊಟ್ಟು ಅವಳ ಹೊಟ್ಟಿನ ಒಲೆಗೆ ಹೋಗುತ್ತದೆ, ಜಳಕದ ನೀರು ಕಾಯುತ್ತದೆ. ಚೀಲ ತುಂಬಲು ಸ್ವಲ್ಪ ಕಡಿಮೆ ಬಿದ್ದಿತ್ತು. ಕಳಕವ್ವನಿಗೆ ಆಗ ಎಲ್ಲಿಲ್ಲದ ದಾನಬುದ್ಧಿ ಬಂದಿತ್ತು. "ತಡಿ ಅಜ್ಜಿ, ಇದ್ರಾಗೂ ಐತಿ" ಎಂದು ಸ್ಟೂಲು ಹತ್ತಿ, ಮೇಲಿನ ಹಲಗೆಯ ಡಬ್ಬಿಯನ್ನೇ ಇಳಿಸಿ ಬೋರಲು ಹಾಕಿದ್ದಳು.

"ಲೇ ಅನೀಸ, ನಿಮ್ಮಜ್ಜಿ ಇವತ್ತ ಒಲಿ ಹಚ್ಚಿದ್ಲೇನು?"

"ಹಚ್ಚಿದ್ಲು. ನೀರು ಭಾಳ ಜಲ್ದಿ ಕಾದ್ವು."

"ನೀ ಜಳಕಾ ಮಾಡಿದಿ?"

"ಮಾಡಿದ್ನಿ."

"ಹಂಗಾರ ನಮ್ಮಪ್ಪನ ಹೊಟ್ಟು ನಿನ್ನ ಮೈಮ್ಯಾಲೆ ಹರದು ಗಟಾರಕ್ಕ ಹೋತು."

ಅನೀಸ ತನ್ನ ಕೈಯನ್ನು ಮೂಸಿ ನೋಡಿಕೊಂಡ. "ಸೋಪಿನ ವಾಸನಿ ಅಷ್ಟ ಐತಿ," ಎಂದ. ಆಮೇಲೆ, "ನಿಮ್ಮಪ್ಪಗ ಫೋನ್ ಮಾಡಿ ಹೇಳಿಬಿಡು," ಎಂದ.

"ಹೇಳಿದ್ರ ಮುಗೀತು. ಮತ್ತ ಕಸಾ ಹೊಡಿಯೂದ ನನ್ನ ನಸೀಬ."

ಮೂಲೆಯಲ್ಲಿ ಬೇವಿನ ಚೌಕಟ್ಟು ಕೊಯ್ದ ಹೊಸ ಹೊಟ್ಟು ಒಂದು ಹಿಡಿ ಬಿದ್ದಿತ್ತು. ಅದನ್ನೇ ಕಲಸಿ, ಪೀಠದ ಹಿಂದಿನ ಒಂದು ತೂತಿಗೆ ತುಂಬಿ ನೋಡಿದರು. ಗಾಯಕ್ಕೆ ಮುಲಾಮು ಮೆತ್ತಿದಂತೆ ಕಂಡಿತು. ಕೆರೆದು ತೆಗೆದರು. ಗೋಧಿ ಹಿಟ್ಟಿಗೆ ಚಹಾಪುಡಿ ಬೆರೆಸಬೇಕೆಂಬುದು ಅನೀಸನ ಆಲೋಚನೆ. ಮಂಟಪಕ್ಕೆ ಮಚ್ಚೆ ಹುಟ್ಟಿತು. ಅದನ್ನೂ ತೆಗೆದರು.

"ಕಳಕೀ!" ಒಳಗಿನಿಂದ ಅವ್ವ ಕೂಗಿದಳು. "ತಾಟಿನಾಗ ನೀರು ಹಾಕ್ಕೊಂಡ್ ಬಾ. ಆಣ ಬಂತಿಲ್ಲೋ ನೋಡ್ಬೇಕು."

ನಾಗರಪಂಚಮಿ ಹತ್ತಿರ ಬಂದಿತ್ತು. ಅವ್ವ ಶೇಂಗಾ ಉಂಡಿಗೆ ಬೆಲ್ಲ ಕುದಿಸಿ ಆಣ, ಅಂದರೆ ಗಟ್ಟಿ ಪಾಕ, ತೆಗೆಯುತ್ತಿದ್ದಳು. ಕಳಕವ್ವ ತಾಟು ಹಿಡಿದಳು. ಅವ್ವ ಚಮಚದಿಂದ ಒಂದು ಹನಿ ಬಿಟ್ಟಳು. ಹನಿ ನೀರಿನಲ್ಲಿ ಮುಳುಗಿ ಗಟ್ಟಿಯಾಯಿತು. ಅವ್ವ ಅದನ್ನು ಎತ್ತಿ ತಾಟಿನ ಅಂಚಿಗೆ ಒಗೆದಳು.

ಟಣ್!

ಕಲ್ಲಿನಂಥ ಹನಿ. ಕಳಕವ್ವ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಬಣ್ಣ ನೋಡಿದಳು. ಮತ್ತೊಮ್ಮೆ ನೋಡಿದಳು. ಸಾಗವಾನಿ! ಸಾಗವಾನಿಗೂ ಇದಕ್ಕೂ ಅಕ್ಕತಂಗಿಯರ ಹೋಲಿಕೆ.

"ಅವ್ವಾ, ನನಗ ಒಂದ್ ವಾಟಗದಾಗ ಸ್ವಲ್ಪ ಆಣ ಹಾಕಿಕೊಡಬೇ."

"ಆರಿಸ್ಕೊಂಡು ತಿನ್ನು. ನಾಲಿಗಿ ಸುಟ್ಕೊಂಡು ಬಂದು ನನ್ನ ಮುಂದ ಅಳಬ್ಯಾಡ," ಎಂದಳು ಅವ್ವ.

ಶೆಡ್ಡಿನಲ್ಲಿ ಕೆಲಸ ಭರದಿಂದ ನಡೆಯಿತು. ಕಡ್ಡಿಯ ತುದಿಯಿಂದ ಒಂದೊಂದು ತೂತಿಗೂ ಒಂದೊಂದು ಹನಿ. ಆಣ ತೂತಿನೊಳಗೆ ಇಳಿದು, ಕೂತು, ಗಟ್ಟಿಯಾಯಿತು. ಮೇಲೆ ಉಳಿದದ್ದನ್ನು ಹಳೆಯ ಚಾಕುವಿನಿಂದ ಸಮ ಮಾಡಿದಳು. ಸ್ಯಾಂಡ್ ಪೇಪರಿನಿಂದ ಉಜ್ಜಿದಳು. ಪೇಪರು ಸ್ವಲ್ಪ ಅಂಟಂಟಾಯಿತು. ಅದಕ್ಕೇನಂತೆ! ಉಜ್ಜಿದ ಕಡೆ ಕಟ್ಟಿಗೆಯ ಹುಡಿ ಕೂತಿತ್ತು. ಅದನ್ನು ಬಾಯಿ ತುಂಬ ಗಾಳಿ ತೆಗೆದುಕೊಂಡು ಫೂ ಎಂದು ಊದಿಬಿಟ್ಟಳು.

ತೂತುಗಳು ಮಾಯವಾಗಿದ್ದವು.

"ಕಳಕಿ, ನೀ ಇಂಜಿನಿಯರ್ ಆಗ್ತೀ," ಎಂದ ಅನೀಸ, ವಾಟಗ ನೆಕ್ಕುತ್ತ.

ಸಂಜೆ ಜಿಟಿಜಿಟಿ ಮಳೆಯಲ್ಲಿ ಅಪ್ಪ ಬಂದ. ಪಾಲಿಶ್ ಡಬ್ಬಿ ಇಳಿಸಿ, ಮಂಟಪದ ಸುತ್ತ ಹೆಬ್ಬೆರಳು ಆಡಿಸಿದ. ಬಲ್ಬಿನ ಮಂದ ಬೆಳಕಿನಲ್ಲಿ ಕಣ್ಣು ಕಿರಿದು ಮಾಡಿ ಹುಡುಕಿದ.

"ಏ ಇವಳ," ಎಂದು ಅವ್ವನನ್ನು ಕರೆದ. "ಬಾ ಇಲ್ಲಿ, ನೋಡು ನಿನ್ನ ಮಗಳ ಕೆಲಸ! ನನಗ ಒಂದೂ ಸಿಗವಲ್ದು. ಶಾಬಾಸ್ ಯವ್ವಾ. ಬಡಿಗ್ಯಾರ ಮಗಳು ಅನ್ನಿಸ್ಕೊಂಡಿ."

ಅವತ್ತು ಊಟದಲ್ಲಿ ಕಳಕವ್ವನಿಗೆ ಒಂದು ಉಂಡಿ ಹೆಚ್ಚಿಗೆ ಸಿಕ್ಕಿತು. ಉಂಡಿ ಸಿಹಿಯಾಗಿಯೇ ಇತ್ತು. ಆದರೆ ಅಪ್ಪ ಹೊಗಳಿದ್ದು ಅವಳನ್ನೋ ಬೆಲ್ಲವನ್ನೋ ತಿಳಿಯಲಿಲ್ಲ.

ಬೆಳಿಗ್ಗೆ ಎದ್ದು ಶೆಡ್ಡಿಗೆ ಬಂದರೆ ಅಪ್ಪ ಚಹಾದ ಕಪ್ಪು ಹಿಡಿದು ಮಂಟಪದ ಮುಂದೆ ನಿಂತಿದ್ದ.

ಇರುವೆಗಳು ಬಂದಿದ್ದವು.

ಗೋಡೆಯ ಬಿರುಕಿನಿಂದ ಹೊರಟ ಸಾಲು ಬೆಂಚಿನ ಕಾಲು ಹತ್ತಿ, ಪೀಠ ಹತ್ತಿ, ಅಲ್ಲಿ ಕವಲೊಡೆದಿತ್ತು. ಒಂದು ಸಾಲು ಈ ಕಂಬಕ್ಕೆ, ಒಂದು ಆ ಕಂಬಕ್ಕೆ, ಒಂದು ಕಮಾನಿನ ತನಕ. ರಾತ್ರಿಯ ಥಂಡಿಗೆ ಬೆಲ್ಲ ಬೆವರಿತ್ತು. ಒಂದೊಂದು ತೂತಿನ ಸುತ್ತಲೂ ಇರುವೆಗಳು ದುಂಡಗೆ ಕೂತು ಪಂಕ್ತಿಯೂಟ ನಡೆಸಿದ್ದವು. ಕಸ್ತೂರೆವ್ವನವರು ಕನ್ನಡಕ ಹಾಕಿಕೊಂಡು ಹುಡುಕಿದ್ದರೂ ಇಷ್ಟು ಬರೋಬರಿ ಸಿಗುತ್ತಿರಲಿಲ್ಲ.

ಅಪ್ಪ ಕಿರುಬೆರಳಿನಿಂದ ಒಂದು ತೂತನ್ನು ಮುಟ್ಟಿ, ಬೆರಳನ್ನು ನಾಲಿಗೆಗೆ ಇಟ್ಟ.

"ಆಣ ಚಲೋ ಬಂದೈತಿ," ಎಂದ.

ಕಳಕವ್ವ ಎಲ್ಲ ಹೇಳಿದಳು. ಡಬ್ಬಿ, ಚೀಲ, ಅನೀಸನ ಜಳಕ, ಮುಲಾಮು, ಮಚ್ಚೆ, ಟಣ್. ನಡುವೆ ಉಸಿರು ತೆಗೆದುಕೊಳ್ಳಲೂ ನಿಲ್ಲಲಿಲ್ಲ.

"ಫೋನ್ ಯಾಕ ಮಾಡ್ಲಿಲ್ಲ?"

"ನೀ ಮತ್ತ ಕಸಾ ಹೊಡಿಯಾಕ ಹಚ್ಚತೀ ಅಂತ."

ಅಪ್ಪ ಆ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗಾಡತೊಡಗಿತು. ಇಷ್ಟು ಸಿಟ್ಟು ಬಂದದ್ದನ್ನು ಕಳಕವ್ವ ಎಂದೂ ನೋಡಿರಲಿಲ್ಲ. ಕಪ್ಪಿನ ಚಹಾ ತುಳುಕಿ ನೆಲಕ್ಕೆ ಬಿದ್ದಾಗಲೇ ಅವನು ನಗುತ್ತಿದ್ದಾನೆಂದು ಗೊತ್ತಾದದ್ದು.

"ಅನೀಸನ ಜಳಕಕ್ಕ ಸಾಗವಾನಿ!" ಎಂದು ಕಣ್ಣು ಒರೆಸಿಕೊಂಡ. ಆಮೇಲೆ ಸ್ವಲ್ಪ ಗಂಭೀರನಾದ. "ನಗೂದು ಆಮ್ಯಾಲೆ. ಅಮ್ಮಾರು ಸಂಜಿಕಡೆ ಬರ್ತಾರ. ಇದನ್ನ ನೋಡಿದ್ರ ಮಂಟಪ ಇಲ್ಲೇ ಉಳೀತೈತಿ, ನನ್ನ ಹೆಸರು ಊರ ತುಂಬ ಹೊಕ್ಕೈತಿ. ಬಿಸಿನೀರು, ಅರಿವಿ, ಒಂದು ತೆಳ್ಳನ ಮೊಳಿ ತಗೊಂಬಾ. ಯಾರು ತುಂಬಿದ್ರೋ ಅವರ ತಗೀಬೇಕು."

ಅಪ್ಪ ಇರುವೆಗಳನ್ನು ಮೆಲ್ಲಗೆ ಝಾಡಿಸಿದ. ಕಳಕವ್ವ ಒದ್ದೆ ಅರಿವೆಯಿಂದ ಬೆಲ್ಲ ಕರಗಿಸಿ, ಮೊಳೆಯ ತುದಿಯಿಂದ ಕೆದರಿ ತೆಗೆಯತೊಡಗಿದಳು. ಒಂದೊಂದು ತೂತಿನ ತಳದಲ್ಲೂ ಸ್ಕ್ರೂವಿನ ತಲೆ ಪಳಪಳ ಹೊಳೆಯುತ್ತಿತ್ತು. ಎಡಗಡೆಯ ಮುಂದಿನ ಕಂಬಕ್ಕೆ ಬಂದಳು. ಅಲ್ಲಿ ಒಂದರ ಕೆಳಗೆ ಇನ್ನೊಂದು ತೂತು. ಕೆಳಗಿನದರಲ್ಲಿ ಮೊಳೆ ಎಷ್ಟು ಇಳಿದರೂ ಸ್ಕ್ರೂ ತಾಗಲಿಲ್ಲ.

"ಅಪ್ಪಾ, ಇದ್ರಾಗ ಸ್ಕ್ರೂನ ಇಲ್ಲ."

"ಇರ್ತೈತಿ. ಬರೋಬರಿ ನೋಡು."

"ಇಲ್ಲಪಾ. ಬರೇ ಕತ್ತಲಿ ಐತಿ."

ಅಪ್ಪ ಕಪ್ಪಿನೊಳಗೆ ನೋಡಿದ. ಅಲ್ಲಿ ಚಹಾ ಉಳಿದಿರಲಿಲ್ಲ.

"ಅದು ಏನಾತು ಅಂದ್ರ," ಎಂದ, "ಅಲ್ಲಿ ಪೆನ್ಸಿಲ್ ಗೀಟು ಎರಡಿದ್ವು. ಒಂದು ಮೊದಲ ಹಾಕಿದ್ದು, ತಪ್ಪಿದ್ದು. ಡ್ರಿಲ್ ಮಷಿನ್ನಿಗೆ ಯಾವ್ದು ತಪ್ಪು ಅಂತ ತಿಳಿಯಂಗಿಲ್ಲ ನೋಡು."

"ಮಷಿನ್ ಯಾರ ಕೈಯಾಗಿತ್ತು?"

"ಫ್ಯಾನ್ ಹಚ್ಚು, ಫ್ಯಾನ್," ಎಂದ ಅಪ್ಪ. "ತೂತು ಹಸಿ ಅದಾವು, ಒಣಗ್ಬೇಕು."

ಕಳಕವ್ವ ಫ್ಯಾನ್ ಹಚ್ಚಿದಳು. ಅವಳಿಗೆ ಒಳಗೊಳಗೇ ನಗು ಬಂತು.

ತೂತುಗಳು ಒಣಗಿದವು. ಆದರೆ ಸಾಗವಾನಿ ಹೊಟ್ಟು ಎಲ್ಲಿಂದ ಬರಬೇಕು?

"ನಿನ್ನೆ ಉಜ್ಜಿದ್ಯಲ್ಲ," ಎಂದ ಅಪ್ಪ, "ಆ ಹುಡಿ ಏನ್ ಮಾಡಿದಿ?"

"ಊದಿದ್ನಿ."

"ಊದಿದಿ." ಅಪ್ಪ ತಲೆ ಕೆರೆದುಕೊಂಡ. "ಅದ ಸಾಗವಾನಿ ಹೊಟ್ಟು ಯವ್ವಾ."

ನಿನ್ನೆ ಮನೆಯೆಲ್ಲ ಹುಡುಕಿದ್ದು ಕಳಕವ್ವನ ಕೈಯಲ್ಲೇ ಇತ್ತು. ಅದನ್ನು ಬಾಯಿ ತುಂಬ ಗಾಳಿ ತುಂಬಿಕೊಂಡು ತಾನೇ ಹಾರಿಸಿದ್ದಳು.

ಅಪ್ಪ ಮಂಟಪವನ್ನು ಮಗುವಿನ ಹಾಗೆ ಎತ್ತಿ ಅರಿವೆಯ ಮೇಲೆ ಬೋರಲು ಮಲಗಿಸಿದ. ಪೀಠದ ತಳ ಮೇಲೆ ಬಂತು. ಅಲ್ಲಿ ಪಾಲಿಶ್ ಹಚ್ಚುವುದಿಲ್ಲ, ಯಾರೂ ನೋಡುವುದಿಲ್ಲ. ಕೆಳಗೆ ಹಳೆಯ ಪೇಪರು ಹಾಸಿ, ಕಳಕವ್ವ ಸ್ಯಾಂಡ್ ಪೇಪರಿನಿಂದ ತಳವನ್ನು ಉಜ್ಜಿದಳು. ಕೈ ಸೋತಾಗ ಅನೀಸ ಉಜ್ಜಿದ. ಹೊಂಬಣ್ಣದ ಹುಡಿ ಪೇಪರಿನ ಮೇಲೆ ಮೆಲ್ಲಗೆ ಸೇರುತ್ತ ಬಂತು.

"ಆ... ಆ..." ಎಂದು ಅನೀಸ ಮೂಗು ಅರಳಿಸಿದ.

"ಲೇ! ಹೊರಗ ಓಡು!" ಅಪ್ಪ, ಮಗಳು ಒಟ್ಟಿಗೆ ಕೂಗಿದರು.

ಅನೀಸ ಓಡಿ ಹೋಗಿ ರಸ್ತೆಯಲ್ಲಿ ಸೀನಿದ. ಅಲ್ಲಿ ಹೋಗುತ್ತಿದ್ದ ಎಮ್ಮೆಯೊಂದು ಬೆಚ್ಚಿ ದಾರಿ ಬದಲಿಸಿತು. ಹೊಟ್ಟು ಉಳಿಯಿತು.

ಫೆವಿಕಾಲ್ ಹಾಕಿ ಕಲಸಿದರು. "ತೆಳ್ಳಗ ಆಗಬಾರ್ದು, ನಿಮ್ಮವ್ವನ ಉಂಡಿ ಹಿಟ್ಟಿನಂಗ ಇರ್ಬೇಕು," ಎಂದ ಅಪ್ಪ. "ಒಣಗಿದ ಮ್ಯಾಲೆ ಕುಗ್ಗತೈತಿ. ಅದಕ್ಕ ಮ್ಯಾಲೆ ಸ್ವಲ್ಪ ಉಬ್ಬಿರ್ಲಿ." ಕಳಕವ್ವ ಒಂದೊಂದನ್ನೇ ಒತ್ತಿ ತುಂಬಿದಳು. ಎಡಗಂಬದ ಆ ಖಾಲಿ ತೂತು ಆಳವಿತ್ತು, ಎಷ್ಟು ತುಂಬಿದರೂ ನುಂಗುತ್ತಿತ್ತು. ಅಪ್ಪ ಸಾಗವಾನಿಯದೇ ಒಂದು ಕಡ್ಡಿ ಕೆತ್ತಿ ಕೊಟ್ಟ. ಅವಳು ಕಡ್ಡಿಯನ್ನು ಒಳಗೆ ಕೂಡಿಸಿ, ಮೇಲೆ ಹೊಟ್ಟು ತುಂಬಿದಳು. ಉಳಿದ ತೂತುಗಳಿಗಿಂತ ಅದಕ್ಕೇ ಹೆಚ್ಚು ಹೊತ್ತು ಕೊಟ್ಟಳು.

ಮಧ್ಯಾಹ್ನವೆಲ್ಲ ಫ್ಯಾನು ತಿರುಗಿತು. ಒಣಗಿದ ಮೇಲೆ ಅವಳು ಕಟ್ಟಿಗೆಯ ಗೆರೆ ಹೋದ ದಿಕ್ಕಿಗೇ ಉಜ್ಜಿದಳು, ಅಡ್ಡ ಉಜ್ಜಲಿಲ್ಲ. ಬಂದ ಹುಡಿಯನ್ನು ಊದಲೂ ಇಲ್ಲ.

ಹೊತ್ತು ಇಳಿಯುವಾಗ ಆಟೋ ಬಂದು ನಿಂತಿತು.

"ಬರ್ರಿ ಅಮ್ಮಾರ, ಕುಂಡ್ರಿ," ಎಂದು ಅಪ್ಪ ಸ್ಟೂಲು ಒರೆಸಿದ.

"ಕುಂಡ್ರಾಕ ಬಂದಿಲ್ಲಪಾ," ಎಂದರು ಕಸ್ತೂರೆವ್ವ.

ಕನ್ನಡಕ ಏರಿತು. ಬೆರಳು ಕಮಾನಿನ ಮೇಲೆ ಹೊರಟಿತು. ಸೀರೆಯ ಅಂಚು ನೋಡುವ ಹಾಗೆ, ಬಿಡದೆ, ಅವಸರವಿಲ್ಲದೆ. ಕಮಾನು ಮುಗಿಯಿತು. ಬಲಗಂಬ ಮುಗಿಯಿತು. ಎಡಗಂಬದ ಮೇಲೆ ಬೆರಳು ಇಳಿಯತೊಡಗಿತು. ಅಪ್ಪ ಪಾಲಿಶ್ ಡಬ್ಬಿಯ ಮೇಲಿನ ಅಕ್ಷರಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಬೆರಳು ಇಳಿದು ಪೀಠ ಮುಟ್ಟಿತು. ಎಲ್ಲಿಯೂ ನಿಲ್ಲಲಿಲ್ಲ.

ಪೀಠದ ಮೂಲೆಯಲ್ಲಿ ಮಾತ್ರ ನಿಂತಿತು. ಒಂದೇ ಒಂದು ಇರುವೆ, ಬೆಳಗಿನ ಊಟದ ಮನೆ ಎಲ್ಲಿ ಹೋಯಿತೆಂದು ಹುಡುಕುತ್ತ ತಿರುಗಾಡುತ್ತಿತ್ತು.

"ಹೊಸ ಕಟ್ಟಿಗಿಗೆ ಇರಬಿ ಯಾಕ ಬಂತಪಾ?"

ಅಪ್ಪ ಗಂಟಲು ಸರಿಮಾಡಿಕೊಂಡ. ಅವನು ಏನಾದರೂ ಹೇಳುವ ಮೊದಲೇ ಕಳಕವ್ವ ಮುಂದೆ ಬಂದಳು.

"ನಾ ನಿನ್ನೆ ತೂತಿನಾಗ ಬೆಲ್ಲ ತುಂಬಿದ್ನಿರಿ."

"ಏನ್ ತುಂಬಿದ್ದಿ?"

"ಬೆಲ್ಲ ರೀ. ಉಂಡಿ ಆಣ. ಬಣ್ಣ ಬರೋಬರಿ ಕೂಡತಿತ್ತು ರೀ. ಇವತ್ತ ಎಲ್ಲಾ ತಗದು ಇದರದ ಹೊಟ್ಟು ತುಂಬೇನಿ ರೀ."

ಕಸ್ತೂರೆವ್ವ ಕನ್ನಡಕ ತೆಗೆದು ಅವಳನ್ನು ನೋಡಿದರು. ಅಪ್ಪನನ್ನು ನೋಡಿದರು. ಇರುವೆಯನ್ನು ನೋಡಿದರು. ಆಮೇಲೆ, ಕೂರಲು ಬಂದಿಲ್ಲ ಎಂದಿದ್ದವರು ಸ್ಟೂಲಿನ ಮೇಲೆ ಧೊಪ್ಪೆಂದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಗು ನಿಲ್ಲಲು ಒಂದು ತಂಬಿಗೆ ನೀರು ಬೇಕಾಯಿತು.

"ದೇವ್ರಿಗೆ ನೈವೇದ್ಯ ಮಂಟಪದಾಗನ ತುಂಬಿ ಕೊಡಾಕತ್ತಿದ್ಯಲ್ಲ!" ಎಂದರು. "ಬಾ ಇಲ್ಲಿ. ಎಲ್ಲೆಲ್ಲಿ ತೂತು ಇದ್ವು ತೋರಸು. ನನಗ ಒಂದೂ ಕಾಣವಲ್ದು. ನನ್ನ ಕಣ್ಣಿಗೆ ವಯಸ್ಸಾತೋ ಏನೋ ನೋಡೂಣು."

ಕಳಕವ್ವ ತೋರಿಸಿದಳು. ಪೀಠದ ಮೂಲೆಗಳು. ಕಮಾನಿನ ಎರಡು ತುದಿ. ಹಿಂದಿನ ಕಂಬಗಳು. ಬಲಗಂಬ. ಒಂದೊಂದಕ್ಕೂ ಕಸ್ತೂರೆವ್ವ ಬಗ್ಗಿ ನೋಡಿ "ಹೌದ? ಇಲ್ಲೇನು?" ಎನ್ನುತ್ತಿದ್ದರು. ಎಡಗಂಬಕ್ಕೆ ಬಂದಾಗ ಮೇಲಿನದನ್ನು ತೋರಿಸಿದಳು. ಅವಳ ಬೆರಳು ಅಲ್ಲಿಂದ ಕೆಳಗೆ ಇಳಿಯಲಿಲ್ಲ.

"ಇಷ್ಟನ?" ಎಂದರು ಕಸ್ತೂರೆವ್ವ.

"ಸ್ಕ್ರೂ ಇರೂವು ಇಷ್ಟ ರೀ," ಎಂದಳು ಕಳಕವ್ವ.

ಅಪ್ಪನ ಕೈಯಿಂದ ಪಾಲಿಶ್ ಡಬ್ಬಿಯ ಮುಚ್ಚಳ ಜಾರಿ ಬಿತ್ತು.

"ಆತು. ಪಾಲಿಶ್ ಹಚ್ಚಪಾ ಮೌನೇಶ," ಎಂದು ಕಸ್ತೂರೆವ್ವ ಎದ್ದರು. ಆಟೋ ಹತ್ತುವ ಮುಂಚೆ ತಿರುಗಿ, "ಅಂದಂಗ, ಆ ಬೆಲ್ಲ ಎಲ್ಲೀದು ಅಂತ ನಿಮ್ಮವ್ವನ್ನ ಕೇಳಿ ಹೇಳು. ಅಷ್ಟು ಚಂದ ಬಣ್ಣದ್ದು ನಮಗೂ ಬೇಕು," ಎಂದರು.

ಆಟೋ ಹೋಯಿತು. ಅಪ್ಪ ಪೇಪರಿನಲ್ಲಿ ಉಳಿದ ಹುಡಿಯನ್ನು ಖಾಲಿ ಡಬ್ಬಿಗೆ ಸುರಿದು ಮುಚ್ಚಳ ಒತ್ತಿದ. ಡಬ್ಬಿಯ ಜಾಗ ಮೇಲಿನ ಹಲಗೆ, ಅವನ ಉಳಿಗಳ ಪಕ್ಕ. ಇವತ್ತು ಅವನು ಅದನ್ನು ಕೆಳಗಿನ ಹಲಗೆಯ ಮೇಲೆ, ಕಳಕವ್ವನ ಕೈಗೆ ಎಟಕುವಲ್ಲಿ ಇಟ್ಟ.

ಆಮೇಲೆ ಮಂಟಪದ ಮುಂದೆ ಕುಕ್ಕರಗಾಲಲ್ಲಿ ಕೂತು ಎಡಗಂಬದ ಮೇಲೆ ಹೆಬ್ಬೆರಳು ಆಡಿಸಿದ. ಮೇಲೆ ಒಮ್ಮೆ, ಕೆಳಗೆ ಒಮ್ಮೆ. ಕನ್ನಡಕವಿಲ್ಲದ ಕಣ್ಣನ್ನು ಕಿರಿದು ಮಾಡಿದ.

"ಎಲ್ಲಿತ್ತವಾ ಅದು?" ಎಂದು ಮೆಲ್ಲಗೆ ಕೇಳಿದ.

"ಯಾವ್ದಪಾ?" ಎಂದಳು ಕಳಕವ್ವ.